ದಾನಕ್ಕೆ ಫಿಟ್ ಅಲ್ಲ

ಹಬೀಬನ ಲಿವರ್ ಪೂರ್ತಿ ಕೆಟ್ಟಿದೆ ಅನ್ನೋ ಸುದ್ದಿ ಹರಡಿದಾಗ, ಅವನು ಗುಟ್ಟಾಗಿ ಕುಡಿಯುತ್ತಿದ್ದ ಅಂತಲೇ ಶಿವಾಜಿನಗರದ ಅರ್ಧ ಜನ ತಿಳಿದುಕೊಂಡರು. ಆ ಮನುಷ್ಯ ಐವತ್ತೆರಡು ವರ್ಷದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಅವನಿಗಿದ್ದದ್ದು ಸಕ್ಕರೆ ಕಾಯಿಲೆ, ಮುಂದೆ ಬಂದ ಹೊಟ್ಟೆ, ಮತ್ತು ಒಂದು ದಿನವೂ ನೋವು ಕೊಡದೆ ವರ್ಷಾನುಗಟ್ಟಲೆ ಲಿವರಿನೊಳಗೆ ಕೂತು ಅದನ್ನು ಗಟ್ಟಿಮಾಡಿದ ಕೊಬ್ಬು. ಅಲ್ಲೇ ತನ್ನ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಗಲ್ಲಾದಲ್ಲಿ ಕೂತೇ ಇರುತ್ತಿದ್ದ. ಒಂದು ಬೆಳಿಗ್ಗೆ ರಕ್ತ ವಾಂತಿ ಮಾಡಿದ ಮೇಲೆ ಎಲ್ಲ ಗೊತ್ತಾಯಿತು.

ಇಂದಿರಾನಗರದ ಆಚೆ ಇದ್ದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಮಧುಕರ್ ಸುತ್ತುಬಳಸದೆ ಹೇಳಿದರು. ಔಷಧಿಯಲ್ಲಿ ಇದು ವಾಪಸ್ ಬರುವ ಹಂತ ದಾಟಿದೆ. ಬೇರೆ ಲಿವರ್ ಹಾಕಬೇಕು. ತೀರಿಹೋದವರಿಂದ ಸಿಗುವ ಲಿವರಿಗೆ ಹೆಸರು ಬರೆಸಿಡೋಣ, ಆದರೆ ಅದನ್ನೇ ನಂಬಿ ಕೂರೋದು ಬೇಡ. ಮನೆಯವರಲ್ಲಿ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಕೆಲಸ ಆಗುತ್ತದೆ. ಕೊಟ್ಟವರ ಲಿವರ್ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆದುಕೊಳ್ಳುತ್ತದೆ.

ಹಬೀಬನ ಹೆಂಡತಿ ಮೆಹರುನ್ನೀಸಾಳ ರಕ್ತದ ಗುಂಪು ಹೊಂದಲಿಲ್ಲ. ಒಬ್ಬಳೇ ಮಗಳು ತೂಬಾಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಉಳಿದವನು ತಮ್ಮ ಅಬ್ರಾರ್. ಮೂವತ್ತೆಂಟು ವರ್ಷ, ಅದೇ ಅಂಗಡಿಯಲ್ಲಿ ಅಣ್ಣನ ಜೊತೆ ದುಡಿಯುವವನು, ಎರಡು ಚಿಕ್ಕ ಮಕ್ಕಳ ತಂದೆ. ಎಲ್ಲರೂ ತನ್ನ ಕಡೆ ತಿರುಗುವುದಕ್ಕೂ ಮೊದಲೇ ಅವನು ಹೇಳಿಬಿಟ್ಟ.

"ನಾನು ಕೊಡ್ತೀನಿ ಡಾಕ್ಟ್ರೇ. ಇದರಲ್ಲಿ ಕೇಳೋದೇನಿದೆ?"

ಮೆಹರುನ್ನೀಸಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹಬೀಬ್ ತಮ್ಮನ ಮೊಣಕೈ ಹಿಡಿದುಕೊಂಡ. ಹಾಗೆ ಹೇಳಿದಾಗ ಅಬ್ರಾರನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ತಂದೆ ತೀರಿಕೊಂಡಾಗ ಅವನಿಗೆ ಹತ್ತು ವರ್ಷ. ಅವನನ್ನು ಓದಿಸಿದ್ದು, ಮದುವೆ ಮಾಡಿದ್ದು, ಪುಲಿಕೇಶಿನಗರದ ಮನೆಯಲ್ಲಿ ಮೇಲಿನ ಮಹಡಿ ಕೊಟ್ಟು ಇರಿಸಿಕೊಂಡಿದ್ದು ಎಲ್ಲವೂ ಅಣ್ಣನೇ.

ರಕ್ತ ಹೊಂದಿತು. ಆದರೆ ಸ್ಕ್ಯಾನಿನಲ್ಲಿ ಅಬ್ರಾರನ ಲಿವರಿನಲ್ಲೂ ಕೊಬ್ಬು ಕಂಡಿತು. ಅದೂ ಬಹಳ.

"ನಿಮ್ಮಣ್ಣನ ಕಾಯಿಲೆಯ ಮೊದಲನೇ ಮೆಟ್ಟಿಲು ಇದು," ಅಂದರು ಮಧುಕರ್. "ಈಗಿರೋ ಸ್ಥಿತೀಲಿ ತಗೊಂಡ್ರೆ ನಿಮಗೂ ಅಪಾಯ, ಅವರಿಗೂ ಅಪಾಯ. ಆದ್ರೆ ಈ ಹಂತದಲ್ಲಿ ಕೊಬ್ಬು ಕರಗತ್ತೆ."

ಮಧುಕರ್ ಆಗ ಅದೇ ವಿಷಯದ ಮೇಲೆ ಒಂದು ಸಂಶೋಧನೆ ನಡೆಸುತ್ತಿದ್ದರು. ಲಿವರಿನಲ್ಲಿ ಕೊಬ್ಬಿದೆ ಅನ್ನೋ ಕಾರಣಕ್ಕೆ ಎಷ್ಟೋ ದಾನಿಗಳು ವಾಪಸ್ ಹೋಗುತ್ತಾರೆ. ಅಂಥವರಿಗೆ ಕಟ್ಟುನಿಟ್ಟಾದ ಊಟ, ದಿನಾ ನಡಿಗೆ ಕೊಟ್ಟು, ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿದರೆ ಕೊಬ್ಬು ಎಷ್ಟು ಬೇಗ ಇಳಿಯುತ್ತದೆ, ಇಳಿದ ಮೇಲೆ ಆಪರೇಷನ್ ಎಷ್ಟು ಸುರಕ್ಷಿತ ಅನ್ನೋದನ್ನು ನೋಡುವುದು ಅವರ ಕೆಲಸ. ಅಬ್ರಾರ್ ಅದಕ್ಕೆ ಸೇರಿದ. ಅವನನ್ನು ನೋಡಿಕೊಳ್ಳುವ ಹೊಣೆ ಬಿದ್ದದ್ದು ಮಾರಿಯಾ ಮೇಲೆ. ಹಲಸೂರಿನವಳು, ನಲವತ್ತರ ಹತ್ತಿರದ ಹೆಂಗಸು, ದಾನಿಗಳ ಜೊತೆ ಮಾತಾಡಿ ಅವರ ತೂಕ, ಊಟ, ಮನಸ್ಸು ಎಲ್ಲವನ್ನೂ ವಿಚಾರಿಸುತ್ತಿದ್ದಳು.

"ಬಿರಿಯಾನಿ ಮರೆತುಬಿಡಿ ಅಬ್ರಾರ್ ಅವ್ರೇ. ಸಕ್ಕರೆ, ಕೂಲ್‌ಡ್ರಿಂಕ್ಸ್ ಅಂತೂ ಕಣ್ಣೆತ್ತಿ ನೋಡ್ಬಾರ್ದು. ಮಸೀದಿ ರೋಡಲ್ಲಿ ತಿಂಡಿ ಅಂಗಡಿಗಳ ಮುಂದೆ ಮೂಗು ಮುಚ್ಕೊಂಡು ನಡೀಬೇಕು."

"ರಂಜಾನ್ ತಿಂಗ್ಳಲ್ಲಿ ಹೇಳಿಲ್ವಲ್ಲ ಪುಣ್ಯ," ಅಂತ ಅಬ್ರಾರ್ ನಕ್ಕ.

ಮನೆಯಲ್ಲಿ ಅವನ ಊಟದ ಜವಾಬ್ದಾರಿಯನ್ನು ಅತ್ತಿಗೆ ವಹಿಸಿಕೊಂಡಳು. ಅಬ್ರಾರನ ಹೆಂಡತಿ ಜಬೀನ್ ಅಡುಗೆಮನೆ ಬಿಟ್ಟುಕೊಟ್ಟು ಸುಮ್ಮನಾದಳು. ಬೇಯಿಸಿದ ತರಕಾರಿ, ಸುಟ್ಟ ಮೀನು, ಒಂದು ರಾಗಿ ರೊಟ್ಟಿ. ಮಧ್ಯಾಹ್ನ ಮೆಹರುನ್ನೀಸಾ ಆಟೋ ಹಿಡಿದು ತಾನೇ ಡಬ್ಬಿ ತಂದು, ಗಲ್ಲಾದ ಹಿಂದೆ ಸ್ಟೂಲ್ ಹಾಕಿ ಕೂತು ಅವನು ತಿಂದು ಮುಗಿಸುವ ತನಕ ನೋಡುತ್ತಿದ್ದಳು. ಕಾವಲಿಗಲ್ಲ, ಪ್ರೀತಿಗೆ. "ಇನ್ನೊಂದು ಸೌತೆಕಾಯಿ ತಗೋ ಬೇಟಾ, ಅದಕ್ಕೆ ಲೆಕ್ಕ ಇಲ್ವಂತೆ" ಅನ್ನುತ್ತಿದ್ದಳು. ಪಕ್ಕದ ಟೈರ್ ಅಂಗಡಿಯ ಅಹ್ಮದ್ ಪಾಷಾ ದಿನಾ ಒಂದು ಸಲ ಇಣುಕಿ, "ಹೊಟ್ಟೆ ಒಳಗೆ ಹೋಯ್ತು ಗುರು, ಹೀರೋ ಆಗ್ತಾ ಇದ್ದೀಯ" ಅಂತ ಬೆನ್ನು ತಟ್ಟಿ ಹೋಗುತ್ತಿದ್ದ. ನಮಾಜ್ ಮುಗಿಸಿ ಹೊರಗೆ ಬಂದರೆ ಗುರುತಿಲ್ಲದವರೂ ಕೈ ಕುಲುಕುತ್ತಿದ್ದರು.

ಮೊದಲನೇ ತಿಂಗಳು ಎಲ್ಲ ಚೆನ್ನಾಗೇ ನಡೆಯಿತು. ತೂಕ ಇಳಿಯಿತು, ಸ್ಕ್ಯಾನಿನಲ್ಲಿ ಕೊಬ್ಬು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಮಾರಿಯಾ ಬೆರಳಲ್ಲಿ ತೋರಿಸುತ್ತಾ, "ಇನ್ನು ಇಷ್ಟು ಇಳಿದ್ರೆ ದಾರಿ ಕ್ಲಿಯರ್" ಅಂದಳು.

ದಾರಿ ಕ್ಲಿಯರ್ ಅಂದ ಗಳಿಗೆಯಿಂದಲೇ ಅಬ್ರಾರನಿಗೆ ಭಯ ಶುರುವಾಯಿತು.

ಅದೇ ದಿನ ಮಧುಕರ್ ಅವನೊಬ್ಬನನ್ನೇ ಕೂರಿಸಿಕೊಂಡು ಆಪರೇಷನ್ ಹೇಗೆ ಮಾಡುತ್ತಾರೆ ಅಂತ ವಿವರಿಸಿದ್ದರು. ಎಲ್ಲಿಂದ ಎಲ್ಲಿಗೆ ಕೊಯ್ಯುತ್ತಾರೆ, ಎಷ್ಟು ಭಾಗ ತೆಗೆಯುತ್ತಾರೆ, ಪಿತ್ತ ಸೋರಿದರೆ ಏನು, ರಕ್ತಸ್ರಾವ ಆದರೆ ಏನು. "ಮುಚ್ಚಿಡೋದಿಲ್ಲ. ಕೆಲವು ನೂರು ದಾನಿಗಳಲ್ಲಿ ಒಬ್ಬರು ಉಳಿಯಲ್ಲ. ಅದು ಗೊತ್ತಿದ್ದೇ ನೀವು ಒಪ್ಕೋಬೇಕು," ಅಂದಿದ್ದರು. ಅಬ್ರಾರ್ ತಲೆ ಆಡಿಸಿ ಹೊರಗೆ ಬಂದಿದ್ದ. ಮೆಟ್ರೋದಲ್ಲಿ ಕೂತ ಮೇಲೆ ಬೋಗಿಯೊಳಗಿನ ಮುಖಗಳನ್ನು ಒಂದೊಂದಾಗಿ ನೋಡಿದ. ಇಷ್ಟು ಜನರಲ್ಲಿ ಒಬ್ಬ. ಯಾಕೆ ನಾನಾಗಿರಬಾರದು? ಅಂಗಡಿಯಲ್ಲಿ ಗಿರಾಕಿ ಕ್ಲಚ್ ಕೇಬಲ್ ಕೇಳಿದರೆ ಅವನು ಬ್ರೇಕ್ ಕೇಬಲ್ ಕೊಟ್ಟ. ಮನೆಯಲ್ಲಿ ಎರಡು ವರ್ಷದ ಮಗ ಹೊಟ್ಟೆಯ ಮೇಲೆ ಹತ್ತಿ ಕುಣಿದಾಗ ಬೆಚ್ಚಿಬಿದ್ದ.

ಜಬೀನ್ ಹತ್ತಿರ ಹೇಳಿಕೊಳ್ಳೋಣ ಅಂತ ಬಾಯಿ ತೆರೆದ. ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದವಳು, ಅವನ ಮುಖ ನೋಡದೆಯೇ ಅಂದಳು. "ನಾನು ಕೊಡಿ ಅಂತನೂ ಹೇಳಲ್ಲ, ಬೇಡ ಅಂತನೂ ಹೇಳಲ್ಲ. ಈ ಮನೇಲಿ ಬೇಡ ಅಂದ್ರೆ ನನ್ನ ಗತಿ ಏನು ಅಂತ ನಿಮಗೇ ಗೊತ್ತು." ಅಷ್ಟಕ್ಕೆ ಮಾತು ಮುಗಿಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ, ಸ್ಕ್ಯಾನ್ ಇದೆ ಅಂತ ಸುಳ್ಳು ಹೇಳಿ ಅಂಗಡಿಯಿಂದ ಹೊರಟ ಅಬ್ರಾರ್ ಮೆಟ್ರೋದಿಂದ ಇಂದಿರಾನಗರದಲ್ಲಿ ಇಳಿಯಲಿಲ್ಲ. ಬೈಯಪ್ಪನಹಳ್ಳಿಯೂ ಹೋಯಿತು. ಕೆ.ಆರ್. ಪುರದಲ್ಲಿ ಇಳಿದು, ತೂಗುಸೇತುವೆಯ ಪಕ್ಕದ ಗದ್ದಲದಲ್ಲಿ ನಡೆದು ಒಂದು ದರ್ಶಿನಿಗೆ ನುಗ್ಗಿದ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ಬೆಣ್ಣೆ ಮಸಾಲೆ ತಗೊಂಡ. ಆಮೇಲೆ ಪೂರಿ. ಆಮೇಲೆ ಜಿಲೇಬಿ, ಮೇಲೊಂದು ಬಾಟಲಿ ಕೂಲ್‌ಡ್ರಿಂಕ್ಸ್. ರುಚಿಯೇ ಗೊತ್ತಾಗಲಿಲ್ಲ. ಆದರೆ ಹೊರಗೆ ಬಂದು ನಿಂತಾಗ, ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಸರಿದ ಹಾಗಾಯಿತು. ಅವನು ಮತ್ತೆ ಹೋದ. ಆಮೇಲೆ ವಾರಕ್ಕೆ ಮೂರು ನಾಲ್ಕು ಸಲ ಹೋಗತೊಡಗಿದ. ಮಧ್ಯಾಹ್ನ ಅತ್ತಿಗೆಯ ಎದುರು ಬೇಯಿಸಿದ ಬೀನ್ಸ್ ತಿಂದು, ಸಂಜೆ ಕೆ.ಆರ್. ಪುರದಲ್ಲಿ ಹೊಟ್ಟೆ ಬಿರಿಯುವ ಹಾಗೆ ತಿಂದು, ಮನೆಗೆ ಬಂದು ಹಸಿವಿಲ್ಲ ಅನ್ನುತ್ತಿದ್ದ. ಮೆಹರುನ್ನೀಸಾ ಜಬೀನಳಿಗೆ ಹೇಳುತ್ತಿದ್ದಳು. "ನೋಡು, ಪಾಪ, ಹಸಿವೇ ಸತ್ತುಹೋಗಿದೆ ಅವನಿಗೆ."

ಮುಂದಿನ ಸ್ಕ್ಯಾನಿನಲ್ಲಿ ಕೊಬ್ಬು ಇಳಿಯಲಿಲ್ಲ. ಅದರ ಮುಂದಿನದರಲ್ಲಿ ಏರಿತ್ತು.

ಮಾರಿಯಾ ಕೋಣೆಯ ಬಾಗಿಲು ಹಾಕಿಕೊಂಡು, ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಬೈಯಲಿಲ್ಲ.

"ಅಬ್ರಾರ್ ಅವ್ರೇ, ಒಂದು ಮಾತು ಕೇಳ್ತೀನಿ. ಉತ್ತರ ಕೊಡ್ಲೇಬೇಕು ಅಂತೇನಿಲ್ಲ. ನಿಮಗೆ ಇದು ಮಾಡೋಕೆ ಇಷ್ಟ ಇದೆಯಾ?"

"ಇದೆ," ಅಂದ ಅವನು. ಮತ್ತೆ, "ಇದೆ ಮೇಡಂ, ನನ್ನಣ್ಣ ಅವನು," ಅಂದ.

ಮಾರಿಯಾ ಕಾದಳು. ಅವನು ಕಣ್ಣು ಒರೆಸಿಕೊಂಡ ಮೇಲೆ ಮೆಲ್ಲಗೆ ಹೇಳಿದಳು.

"ಇದು ಎಲ್ಲ ದಾನಿಗಳಿಗೂ ಹೇಳೋ ಮಾತು. ಮೊದಲ ದಿನವೂ ಹೇಳಿದ್ದೆ, ನಿಮಗೆ ನೆನಪಿರಲಿಕ್ಕಿಲ್ಲ. ಬೇಡ ಅನ್ನೋ ಹಕ್ಕು ನಿಮಗೆ ಕೊನೇ ನಿಮಿಷದ ತನಕ ಇದೆ. ನೀವು ಬೇಡ ಅಂದ್ರೆ ನಾವು ಮನೆಯವರಿಗೆ ಒಂದೇ ಮಾತು ಹೇಳ್ತೀವಿ. ದಾನಕ್ಕೆ ಫಿಟ್ ಅಲ್ಲ. ಯಾಕೆ, ಏನು ಅಂತ ಹೇಳಲ್ಲ. ಯಾರು ಕೇಳಿದ್ರೂ ಹೇಳಲ್ಲ."

"ಅಣ್ಣ ಕೇಳಿದ್ರೆ?"

"ಅವರಿಗೂ ಹೇಳಲ್ಲ."

"ಹಾಗೇ ಹೇಳಿಬಿಡಿ," ಅಂದ ಅಬ್ರಾರ್, ನೆಲ ನೋಡುತ್ತಾ.

ಮರುದಿನ ಮಧುಕರ್ ಮನೆಯವರನ್ನು ಕರೆಸಿ, ಅಬ್ರಾರ್ ದಾನಕ್ಕೆ ಫಿಟ್ ಅಲ್ಲ, ಬೇರೆ ದಾರಿ ನೋಡೋಣ ಅಂದರು. ಅಷ್ಟೇ ಹೇಳಿದರು. ಹಬೀಬ್ ಗಾಲಿಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ. ಅವನ ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಅರಿಶಿನದ ಹಾಗೆ ಹಳದಿಯಾಗಿತ್ತು. "ಪ್ರಯತ್ನ ಮಾಡಿದ್ಯಲ್ಲ, ಸಾಕು," ಅಂತ ತಮ್ಮನ ಕಡೆ ನೋಡಿ ನಗುವುದಕ್ಕೆ ನೋಡಿದ.

ಮೆಹರುನ್ನೀಸಾ ಕಾರಿಡಾರಿನಲ್ಲಿ ಅಬ್ರಾರನನ್ನು ನಿಲ್ಲಿಸಿದಳು.

"ನನ್ನ ಕೈಯಡುಗೇಲೇ ಏನೋ ತಪ್ಪಾಗಿದೆ. ಎಣ್ಣೆ ಒಂದು ಚಮಚ ಹೆಚ್ಚು ಬಿತ್ತೋ ಏನೋ. ರುಚಿ ಇಲ್ಲ ಅಂತ ನೀನು ಮುಖ ಸಣ್ಣ ಮಾಡಿದಾಗ ಎರಡು ಸಲ ಮೀನು ಹುರಿದು ಕೊಟ್ಟಿದ್ದೆ. ಮಾಫ್ ಮಾಡು ಬೇಟಾ. ನಿನ್ನನ್ನ ಇಷ್ಟು ದಿನ ಉಪವಾಸ ಕೆಡವಿ, ಕೊನೇಗೆ ನಾನೇ ಹಾಳು ಮಾಡಿದೆ."

"ಹಾಗೆಲ್ಲ ಏನಿಲ್ಲ ಭಾಬಿ," ಅಂದ ಅಬ್ರಾರ್. ಆಸ್ಪತ್ರೆಯ ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿಕೊಂಡ.

ತನ್ನ ಒಬ್ಬನ ಪಾಲಿಗೆ ಅಲ್ಲಿಗೆ ಮುಗಿಯಿತು ಅಂತ ಅವನು ಅಂದುಕೊಂಡಿದ್ದ. ಮುಂದೇನು ಅಂತ ಯೋಚಿಸಿರಲಿಲ್ಲ. ಎರಡನೇ ವಾರಕ್ಕೆ ತೂಬಾಗೆ ಹದಿನೆಂಟು ತುಂಬಿತು. ಅದರ ಮಾರನೇ ದಿನ ಅವಳು ಯಾರಿಗೂ ಹೇಳದೆ ಮಾರಿಯಾ ಹತ್ತಿರ ಹೋಗಿ ರಕ್ತ ಕೊಟ್ಟು ಬಂದಳು. ಗುಂಪು ಹೊಂದಿತು. ಲಿವರ್ ಶುದ್ಧವಾಗಿತ್ತು, ಅಳತೆಯೂ ಸಾಲುತ್ತಿತ್ತು.

ಸುದ್ದಿ ಕೇಳಿ ಹಬೀಬ್ ಹಾಸಿಗೆಯಲ್ಲಿ ಎದ್ದು ಕೂತ. "ನನ್ನ ಮಗಳ ಹೊಟ್ಟೆ ಕೊಯ್ಯೋದಾದ್ರೆ ನಾನು ಈಗಲೇ ಸಾಯ್ತೀನಿ," ಅಂತ ಕೂಗಾಡಿದ. ಆಯಾಸಕ್ಕೆ ಮಾತು ತೊದಲುತ್ತಿತ್ತು. ತಮ್ಮನ ಅಂಗಿ ಹಿಡಿದು ಎಳೆದು, "ನಿನ್ನ ಮಾತು ಕೇಳ್ತಾಳೆ ಅವಳು. ಬೇಡ ಅಂತ ಹೇಳು. ಹೇಗಾದ್ರೂ ಅವಳ ಮನಸ್ಸು ತಿರುಗಿಸು," ಅಂತ ಬೇಡಿಕೊಂಡ.

ಅಬ್ರಾರ್ ತೂಬಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಲಸೂರು ಕೆರೆಯ ಹತ್ತಿರ ಕರೆದುಕೊಂಡು ಹೋದ. ಬೆಂಚಿನ ಮೇಲೆ ಕೂತರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನು ಹೇಳಿದ. ನಿನ್ನ ಓದು, ನಿನ್ನ ಮದುವೆ, ನಿನ್ನ ವಯಸ್ಸು. ಅವಳು ಪೂರ್ತಿ ಕೇಳಿದಳು.

"ಚಾಚಾ, ನಾನು ನಿಮ್ಮನ್ನ ನೋಡಿದೆ."

"ಎಲ್ಲಿ?"

"ಕೆ.ಆರ್. ಪುರದಲ್ಲಿ. ನನ್ನ ಕಾಲೇಜು ಬಸ್ಸು ನಿಲ್ಲೋದು ಆ ದರ್ಶಿನಿ ಎದುರಿಗೇ. ಮೊದಲನೇ ಸಲ ನೋಡಿದಾಗ ಯಾರೋ ನಿಮ್ಮ ಥರ ಇದ್ದಾರೆ ಅಂದ್ಕೊಂಡೆ. ಎರಡನೇ ಸಲ ಹತ್ತಿರ ಬಂದೆ. ನೀವು ಹಸಿದು ತಿನ್ನೋರ ಥರ ತಿಂತಿರ್ಲಿಲ್ಲ. ಮಾತ್ರೆ ನುಂಗೋ ಥರ ತಿಂತಿದ್ರಿ."

"ಅಮ್ಮಿಗೆ ಹೇಳಿದ್ಯಾ?"

"ಇಲ್ಲ. ಹೇಳಿದ್ದಿದ್ರೆ ಎಲ್ಲ ಸೇರಿ ನಿಮ್ಮನ್ನ ಎಳ್ಕೊಂಡು ಹೋಗಿ ಮಲಗಿಸ್ತಿದ್ರು. ಅಬ್ಬಾಗೆ ಹಾಗೆ ಬಲವಂತದ್ದು ಬೇಡ ಅನ್ನಿಸ್ತು ನಂಗೆ." ಅವಳು ಬ್ಯಾಗಿನ ಪಟ್ಟಿ ಬೆರಳಿಗೆ ಸುತ್ತುತ್ತಿದ್ದಳು. "ಆ ದಿನವೇ ಡಿಸೈಡ್ ಮಾಡ್ದೆ. ಹದಿನೆಂಟು ಆಗ್ಲಿ ಅಂತ ಕಾಯ್ತಾ ಇದ್ದೆ ಅಷ್ಟೆ."

"ನಿಂಗೆ ಭಯ ಇಲ್ವಾ?"

"ತುಂಬಾ ಇದೆ. ಗಾಯದ್ದಲ್ಲ. ಅನಸ್ತೇಷಿಯಾ ಕೊಟ್ಮೇಲೆ ಏಳ್ದೇ ಇದ್ರೆ ಅಂತ." ಅಷ್ಟು ಹೇಳಿ ಅವಳು ಚಿಕ್ಕ ಹುಡುಗಿಯ ಹಾಗೆ ಅತ್ತಳು. ಅಬ್ರಾರ್ ಅವಳ ತಲೆಯ ಮೇಲೆ ಕೈಯಿಡಲು ಹೋಗಿ ಹಿಂದಕ್ಕೆ ತೆಗೆದುಕೊಂಡ.

ಅವಳನ್ನು ಮನೆಯಲ್ಲಿ ಬಿಟ್ಟು ಅವನು ನೇರವಾಗಿ ಆಸ್ಪತ್ರೆಗೆ ಹೋದ. ಮಾರಿಯಾ ಮನೆಗೆ ಹೊರಟು ಲಿಫ್ಟಿನ ಮುಂದೆ ನಿಂತಿದ್ದಳು.

"ನಾನು ಮತ್ತೆ ಶುರು ಮಾಡ್ತೀನಿ ಮೇಡಂ. ನೀರು ಕುಡ್ಕೊಂಡೇ ಇರ್ತೀನಿ. ಆ ಮಗು ಬೇಡ. ಕೆಲವು ವಾರ ಟೈಮ್ ಕೊಡಿ."

ಅವಳು ಅವನನ್ನು ಮಧುಕರ್ ಹತ್ತಿರ ಕರೆದುಕೊಂಡು ಹೋದಳು. ಮಧುಕರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಮನಸ್ಸು ಬದಲಾಯಿಸಿದ್ದಕ್ಕೆ ನನ್ನ ಅಡ್ಡಿ ಇಲ್ಲ. ಕೊಬ್ಬು ಅಡ್ಡಿ. ಅದು ಇಳಿಯೋಕೆ ಐದಾರು ವಾರ ಆದ್ರೂ ಬೇಕು. ಹೊಟ್ಟೆಯ ನೀರಿಗೆ ಸೋಂಕು ತಗುಲಿದೆ ನಿಮ್ಮಣ್ಣಂಗೆ. ಔಷಧಿಗೆ ಈಗ ಕಡಿಮೆ ಆಗ್ತಿದೆ. ಆ ಸಂದಿಯಲ್ಲೇ ಆಪರೇಷನ್ ಆಗ್ಬೇಕು. ಐದು ವಾರ ಅವರ ಹತ್ರ ಇಲ್ಲ ಅಬ್ರಾರ್."

ಅಷ್ಟರಲ್ಲಿ ಲಿವರ್ ಸೋಸದೆ ಬಿಟ್ಟ ವಿಷ ಹಬೀಬನ ತಲೆಗೂ ಏರತೊಡಗಿತ್ತು. ಒಂದು ಬೆಳಿಗ್ಗೆ ಮಗಳನ್ನು ನೋಡಿ ಯಾರಿದು ಅಂತ ಕೇಳಿದ. ಬೇಡ ಅಂತ ಹಟ ಮಾಡುವವನೇ ಇಲ್ಲದ ಹಾಗಾಯಿತು. ತಾಯಿ ಒಪ್ಪಬೇಕಾಯಿತು. ಒಪ್ಪಿಗೆ ಕೊಡುವ ದಿನ ಮೆಹರುನ್ನೀಸಾ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ತಸ್ಬೀ ಮಣಿಸರ ಹಿಡಿದು ಕೂತಿದ್ದಳು. ಅಬ್ರಾರ್ ಅವಳ ಎದುರು ನೆಲದ ಮೇಲೇ ಕೂತ.

"ಭಾಬಿ, ನಿಮ್ಮ ಅಡುಗೇಲಿ ಏನೂ ತಪ್ಪಿರ್ಲಿಲ್ಲ. ನಾನು ಕದ್ದು ತಿಂತಿದ್ದೆ. ಕೊಬ್ಬು ಇಳೀಬಾರ್ದು ಅಂತಲೇ ತಿಂತಿದ್ದೆ. ನಂಗೆ ಸಾಯೋಕೆ ಭಯ ಆಯ್ತು."

ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಅವನು ಕಾದಿದ್ದ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ತಸ್ಬೀಯನ್ನು ಮುಷ್ಟಿಯಲ್ಲಿ ಮಡಿಸಿದಳು.

"ಭಯ ಆಗೋದು ತಪ್ಪಲ್ಲ," ಅಂದಳು. "ಆವತ್ತು ಬೇಡ ಅಂದಿದ್ರೂ ನಾನು ಕ್ಷಮಿಸ್ತಿದ್ದೆ. ಆದ್ರೆ ನಾನು ನಿನ್ನ ಹತ್ರ ಮಾಫಿ ಕೇಳ್ದೆ ಅಬ್ರಾರ್. ಅಳ್ತಾ ಕೇಳ್ದೆ. ನೀನು ಕೇಳಿಸ್ಕೊಂಡು ನಿಂತಿದ್ದೆ."

ಎದ್ದು ಒಳಗೆ ಹೋದಳು. ಹಬೀಬನಿಗೆ ಮಾತ್ರ ಏನನ್ನೂ ಹೇಳಬಾರದು ಅಂತ ಜಬೀನ್ ಮೂಲಕ ಹೇಳಿ ಕಳಿಸಿದಳು. ಕಾಯಿಲೆಯವನಿಗೆ ತಮ್ಮನನ್ನೂ ಕಳಕೊಳ್ಳುವ ಶಕ್ತಿ ಇಲ್ಲ ಅಂದಿದ್ದಳಂತೆ.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಯವರೆಗೂ ನಡೆಯಿತು. ತಂದೆಗೆ ಹಾಕಿದ ಲಿವರ್ ಆಪರೇಷನ್ ಮೇಜಿನ ಮೇಲೇ ಪಿತ್ತ ಸುರಿಸಲು ಶುರು ಮಾಡಿತು, ಅದು ಒಳ್ಳೆಯ ಲಕ್ಷಣ ಅಂತ ಮಧುಕರ್ ಹೊರಗೆ ಬಂದು ಹೇಳಿದರು. ಹಬೀಬ್ ದಿನದಿಂದ ದಿನಕ್ಕೆ ಚೇತರಿಸಿಕೊಂಡ. ತೊಂದರೆಯಾದದ್ದು ತೂಬಾಗೆ. ಕೊಯ್ದ ಜಾಗದಿಂದ ಪಿತ್ತ ಸೋರಿ ಜ್ವರ ಬಂತು. ಹೊಟ್ಟೆಗೆ ನಳಿಕೆ ಹಾಕಿದರು. ತಂದೆ ಮನೆಗೆ ಹೋದ ಮೇಲೂ ಮಗಳು ಆಸ್ಪತ್ರೆಯಲ್ಲೇ ಉಳಿದಳು. ಆ ಅಷ್ಟೂ ದಿನ ಅಬ್ರಾರ್ ಕಾರಿಡಾರ್ ಬಿಟ್ಟು ಕದಲಲಿಲ್ಲ. ಔಷಧಿ ತರುತ್ತಿದ್ದ, ರಕ್ತ ಕೊಡುವವರನ್ನು ಕರೆತರುತ್ತಿದ್ದ, ಮೆಹರುನ್ನೀಸಾಗೆ ಚಹಾ ತಂದು ಪಕ್ಕದ ಕುರ್ಚಿಯ ಮೇಲಿಟ್ಟು ದೂರ ಹೋಗಿ ನಿಲ್ಲುತ್ತಿದ್ದ. ಅವಳು ಕೆಲವೊಮ್ಮೆ ಕುಡಿಯುತ್ತಿದ್ದಳು, ಕೆಲವೊಮ್ಮೆ ಅದು ಆರಿಹೋಗುತ್ತಿತ್ತು.

ತೂಬಾಳ ಜ್ವರ ಇಳಿಯಿತು. ಸೋರುವುದು ತಾನಾಗೇ ನಿಂತಿತು. ಬಡಕಲಾಗಿ, ಕೂದಲು ಉದುರಿಸಿಕೊಂಡು ಅವಳು ಮನೆಗೆ ಬಂದಳು. ಪರೀಕ್ಷೆ ತಪ್ಪಿತು. ಅಬ್ರಾರ್ ಎದುರಿಗೆ ಸಿಕ್ಕರೆ ಮೊದಲಿನ ಹಾಗೇ ಮಾತಾಡಿಸುತ್ತಿದ್ದಳು. ಅವನಿಗೇ ಅವಳ ಎದುರು ಹೆಚ್ಚು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ.

ಮಾರಿಯಾ ಒಮ್ಮೆ ಫೋನ್ ಮಾಡಿದಳು. "ಅಣ್ಣನಿಗೋಸ್ಕರ ಅಲ್ಲ, ನಿಮಗೋಸ್ಕರ ಬನ್ನಿ. ನಿಮ್ಮ ಲಿವರ್ ಹಾಗೇ ಬಿಟ್ರೆ ಇನ್ನು ಹತ್ತು ಹದಿನೈದು ವರ್ಷದಲ್ಲಿ ನೀವೂ ಆ ಗಾಲಿಕುರ್ಚೀಲೇ ಕೂತಿರ್ತೀರ." ಅವನು ಹೋದ. ಮತ್ತೆ ನಡೆಯುವುದು, ಮತ್ತೆ ಬೇಯಿಸಿದ ತರಕಾರಿ. ಈ ಸಲ ಡಬ್ಬಿ ಕಟ್ಟುತ್ತಿದ್ದವಳು ಜಬೀನ್.

ಆರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಹಬೀಬ್ ಮೊದಲ ಬಾರಿ ಅಂಗಡಿಗೆ ಬಂದ. ಮುಖಕ್ಕೆ ಮಾಸ್ಕ್, ಅಂಗಿ ಹೆಗಲಿನ ಮೇಲೆ ಜೋಲಾಡುವಷ್ಟು ಸಡಿಲ. ಮೆಹರುನ್ನೀಸಾ ಆಟೋದಿಂದ ಕೈ ಹಿಡಿದು ಇಳಿಸಿದಳು. ಅಹ್ಮದ್ ಪಾಷಾ ಟೈರ್ ಬಿಟ್ಟು ಓಡಿಬಂದ. ಆಚೀಚೆ ಅಂಗಡಿಯವರು, ಬೈಕ್ ನಿಲ್ಲಿಸಿಕೊಂಡಿದ್ದ ಗಿರಾಕಿಗಳು ಸುತ್ತ ನಿಂತರು. ಯಾರೋ ಜ್ಯೂಸ್ ತರಿಸಿದರು. ಹಬೀಬ್ ಗಲ್ಲಾದ ಕುರ್ಚಿಯಲ್ಲಿ ಕೂತು ದಮ್ಮು ಸುಧಾರಿಸಿಕೊಂಡ.

"ಮಗಳು ಜೀವ ಕೊಟ್ಟಳು, ಅದು ಎಲ್ಲರಿಗೂ ಗೊತ್ತು," ಅಂದ. "ಆದ್ರೆ ನನ್ನ ತಮ್ಮನ ವಿಷಯ ಯಾರೂ ಮಾತಾಡಲ್ಲ. ಎರಡು ತಿಂಗಳು ಉಪವಾಸ ಬಿದ್ದ ಇವನು ನನಗೋಸ್ಕರ. ಬಿರಿಯಾನಿ ಕಡೆ ತಲೆ ಎತ್ತಿ ನೋಡ್ಲಿಲ್ಲ. ದೇಹ ಒಪ್ಲಿಲ್ಲ, ಅವನೇನು ಮಾಡ್ತಾನೆ? ಇಂಥಾ ತಮ್ಮ ಯಾರಿಗಿದ್ದಾನೆ ಹೇಳಿ."

ಅಹ್ಮದ್ ಪಾಷಾ ಅಬ್ರಾರನ ಹೆಗಲ ಮೇಲೆ ಕೈ ಹಾಕಿ ಅಲ್ಲಾಡಿಸಿದ. ಎಲ್ಲರೂ ಅವನ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮೆಹರುನ್ನೀಸಾ ಕೂಡ ನೋಡಿದಳು. ಅಬ್ರಾರನ ಬಾಯಿ ಸ್ವಲ್ಪ ತೆರೆದುಕೊಂಡಿತು. ಅವಳು ಸಣ್ಣಗೆ, ಅವನಿಗೆ ಮಾತ್ರ ಕಾಣುವ ಹಾಗೆ, ಬೇಡ ಅಂತ ತಲೆ ಅಲ್ಲಾಡಿಸಿದಳು. ಆಮೇಲೆ ಬೀದಿಯ ಕಡೆ ತಿರುಗಿ ನಿಂತಳು.

"ಅಣ್ಣಾ, ಚೈನ್ ಸೆಟ್ ಕೇಳಿದ್ದೆ," ಅಂದ ಒಬ್ಬ ಗಿರಾಕಿ.

"ತರ್ತೀನಿ, ತರ್ತೀನಿ," ಅಂತ ಅಬ್ರಾರ್ ಗೋಡೌನಿನ ಒಳಗೆ ಹೋದ. ಅಲ್ಲಿ ಕಪಾಟುಗಳ ನಡುವೆ ಚೈನ್ ಸೆಟ್ ಎಲ್ಲಿಟ್ಟಿದ್ದೆ ಅಂತ ನೆನಪಾಗದೆ, ಹೊರಗಿನ ನಗು ಮಾತು ಕೇಳುತ್ತಾ ಬಹಳ ಹೊತ್ತು ನಿಂತೇ ಇದ್ದ.